ಅಚ್ಚು ಕುಡಿದ ಬಣ್ಣ

ರವಿವಾರ ಪೇಟೆಯ ಕಿರಾಣಿ ಅಂಗಡಿಯೊಂದರ ಮಾಳಿಗೆಯಲ್ಲಿ ಅಂದು ಮಿಠಾಯಿ ಮಾಡುವವರೂ ಮಾರುವವರೂ ಸೇರಿ ಮೂವತ್ತು ಜನ ಕೂತಿದ್ದರು. ಅವರಲ್ಲಿ ಹೆಂಗಸು ಎಂದರೆ ಖಾನಾಪುರದ ರಾಜಬೀ ಒಬ್ಬರೇ. ಮುಂಜಾನೆಯ ಬಸ್ಸಿಗೆ ಬೆಳಗಾವಿಗೆ ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುವ ಹೊತ್ತಿಗೆ ಸತ್ಯಪ್ಪ ಮಾತು ಶುರುಮಾಡಿದ್ದರು. ಸತ್ಯಪ್ಪ ಬತ್ತಾಸು, ಸಕ್ಕರೆ ಸರ, ಸಕ್ಕರೆ ಆರತಿಗಳ ಸಗಟು ವ್ಯಾಪಾರಿ. ಸಂಘಕ್ಕೂ ಅವರೇ ಮುಂದಾಳು.

ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ತಿನ್ನುವ ಪದಾರ್ಥಗಳಿಗೆ ಹಾಕುವ ರಾಸಾಯನಿಕ ಬಣ್ಣಗಳನ್ನು ಪೂರ್ತಿ ನಿಲ್ಲಿಸುವ ಕಾಯಿದೆಯ ಕರಡು ಹೊರಬಿದ್ದಿತ್ತು. ಇನ್ನೂ ಕಾಯಿದೆಯಾಗಿರಲಿಲ್ಲ. ಆಕ್ಷೇಪಣೆ ಇದ್ದವರು ಬರೆದು ಕಳಿಸಲಿ ಎಂದು ದಿನ ಗೊತ್ತುಮಾಡಿದ್ದರು. ಗೋಬಿಯವರು, ಕಬಾಬಿನವರು, ಜಿಲೇಬಿಯವರು ಆಗಲೇ ತಮ್ಮ ತಮ್ಮ ಅರ್ಜಿ ಸಿದ್ಧಮಾಡಿಕೊಂಡಿದ್ದರು. ಸಕ್ಕರೆ ಆರತಿಯವರ ಅರ್ಜಿಯನ್ನು ಸತ್ಯಪ್ಪ ತಾವೇ ಬರೆಸಿ ತಂದಿದ್ದರು.

ದೀಪಾವಳಿ ಕಳೆದು ಬರುವ ಹುಣ್ಣಿಮೆಯನ್ನು ಈ ಕಡೆ ಗೌರಿ ಹುಣ್ಣಿಮೆ ಎನ್ನುತ್ತಾರೆ. ಆ ಸಂಜೆ ಹುಡುಗಿಯರು ಹೊಸ ಸೀರೆ ಉಟ್ಟು, ಸಕ್ಕರೆಯಲ್ಲಿ ಎರಕ ಹೊಯ್ದ ಆನೆ, ಒಂಟೆ, ನವಿಲು, ಗೋಪುರಗಳನ್ನು ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ ಗೌರಿಗೆ ಬೆಳಗಲು ಹೋಗುತ್ತಾರೆ. ನಿಶ್ಚಯವಾದ ಹುಡುಗಿಗೆ ಆ ಆರತಿ ಗಂಡಿನ ಮನೆಯಿಂದ ಬರಬೇಕು. ಬಿಳಿಯದು ಯಾರ ಮನೆಗಾದರೂ ಸಲ್ಲುತ್ತದೆ. ಬೀಗರ ಮನೆಗೆ ಹೋಗುವುದು ಗುಲಾಬಿ ಮತ್ತು ಹಳದಿಯದೇ ಆಗಬೇಕು.

“ಚಾಚಿ, ನೀವು ಹಳಬ್ರು. ಮೊದಲ ಸಹಿ ನಿಮ್ಮದ ಇರ್ಲಿ,” ಎಂದು ಸತ್ಯಪ್ಪ ಕಾಗದವನ್ನು ರಾಜಬೀ ಮುಂದೆ ಹಿಡಿದರು.

ರಾಜಬೀ ಲೋಂಡಾದ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು. ತುಟಿ ಅಲುಗಿಸುತ್ತ ನಿಧಾನವಾಗಿ ಓದಿದರು. ಮೂರನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು.

“ಈ ಬಣ್ಣಾ ಇಲ್ಲದ ಗುಲಾಬಿ ಆರತಿ ಮಾಡೂದು ಸಾಧ್ಯ ಇಲ್ಲ ಅಂತ ಬರಸೀರಿ.”

“ಹೌದು, ಇಲ್ಲಲ್ರಿ ಮತ್ತ?”

“ನನಗ ಗೊತ್ತಿಲ್ರಿ. ನಾ ಎಂದೂ ಮಾಡಿ ನೋಡಿಲ್ಲ.”

“ನೋಡೂದೇನೈತಿ ಚಾಚಿ. ನಲವತ್ತು ವರ್ಷದಿಂದ ಡಬ್ಬಿ ಬಣ್ಣಾ ಹಾಕಾಕತ್ತೀರಿ.”

“ಅದನ್ನ ಹೇಳಾಕತ್ತೀನಿ. ನಲವತ್ತು ವರ್ಷ ಅದೊಂದ ಹಾಕೀನಿ ಅಂದ್ರ ಬ್ಯಾರೇದು ಹಾಕಿಲ್ಲ ಅಂತಾತು. ಆಗೂದಿಲ್ಲ ಅಂತ ಹೆಂಗ ಸಹಿ ಮಾಡ್ಲಿ?”

ಹಿಂದಿನ ಸಾಲಿನಿಂದ ಯಾರೋ, “ಚಾಚಿ ಕರೀ ಕೋಟ್ ಹಾಕೊಂಡು ಕೋರ್ಟಿಗೆ ಹೋಗಬೇಕಿತ್ತು, ತಪ್ಪಿ ಪಾಕದ ಮುಂದ ಕುಂತಾರ,” ಎಂದರು. ಎಲ್ಲರೂ ನಕ್ಕರು. ರಾಜಬೀ ಕೂಡ ನಕ್ಕರು, ಆದರೆ ಪೆನ್ನು ಮುಟ್ಟಲಿಲ್ಲ.

ಸತ್ಯಪ್ಪ ಕಾಗದ ಮಡಚಿದರು. “ಎಂಟ ದಿನಾ ಕೊಡ್ತೀನಿ. ಡಬ್ಬಿ ಇಲ್ಲದ ಒಂದು ಗುಲಾಬಿ ಆರತಿ ಮಾಡಿ ತಂದು ಈ ಟೇಬಲ್ ಮ್ಯಾಲ ಇಡ್ರಿ, ಆ ಸಾಲು ನಾನ ಹೊಡದು ಹಾಕ್ತೀನಿ. ತರದಿದ್ರ ಸುಮ್ನ ಸಹಿ ಮಾಡಬೇಕು.”

“ಆತ್ರಿ,” ಎಂದರು ರಾಜಬೀ.

ಅಲ್ಲಿಗೆ ಬಿಟ್ಟು ಊರಿಗೆ ಮರಳಿದ್ದರೆ ಅದು ಒಂದು ಅಂಗಡಿಯ ಮಾಳಿಗೆಯೊಳಗಿನ ಪಂಥವಾಗಿ ಉಳಿಯುತ್ತಿತ್ತು. ಆದರೆ ಮೆಟ್ಟಿಲಿಳಿದವರು ಸೀದಾ ಮಹಾಂತೇಶ ನಗರದ ಬಸ್ಸು ಹತ್ತಿ ಚಂದ್ರವ್ವನವರ ಮನೆಗೆ ಹೋದರು. ಮೂರು ತಲೆಮಾರಿನಿಂದ ರಾಜಬೀ ಮನೆಯ ಆರತಿಯನ್ನೇ ಒಯ್ಯುವ ಮನೆ ಅದು. ಚಂದ್ರವ್ವನವರ ಮೊಮ್ಮಗ ಅನಿಕೇತನಿಗೆ ಕಾಕತಿಯ ಸಮೃದ್ಧಿ ಎಂಬ ಹುಡುಗಿ ನಿಶ್ಚಯವಾಗಿದ್ದಳು. ಈ ಹುಣ್ಣಿಮೆಗೆ ಐದು ಆರತಿ ಬೇಕೆಂದು ದಸರೆಯಲ್ಲೇ ಹೇಳಿ ಕಳಿಸಿದ್ದರು.

“ಈ ವರ್ಷ ಡಬ್ಬಿ ಬಣ್ಣಾ ಹಾಕೂದಿಲ್ರಿ ಅವ್ವಾರ,” ಎಂದು ರಾಜಬೀ ಪಡಸಾಲೆಯಲ್ಲಿ ಕೂತು ಹೇಳಿದರು.

“ಬಿಳೇದು ಕೊಡ್ತೀಯೇನ? ಮೊದಲನೇ ಆರತಿ ಬಿಳೇದು ಕಳಿಸಿದ್ರ ಕಾಕತಿ ಮಂದಿ ಎದುರಿಗೆ ಏನೂ ಅನ್ನೂದಿಲ್ಲ. ಹಿಂದಿಂದ ಅನಿಕೇತನ ಮಕ್ಕಳು ದೊಡ್ಡಾವರಾಗೂತನಕ ಅಂತಾರ.”

“ಗುಲಾಬೀದ ಕೊಡ್ತೀನ್ರಿ. ಹಳದೀದೂ ಕೊಡ್ತೀನಿ.”

“ಆಗದಿದ್ರ?”

“ಆಗತೈತ್ರಿ.”

“ನಾ ಕೇಳಿದ್ದು, ಆಗದಿದ್ರ ಅಂತ.”

“ಆಗದಿದ್ರ ಹುಣ್ಣಿಮಿ ಮೂರು ದಿನ ಇದ್ದಾಂಗ ಬಂದು ಹೇಳ್ತೀನಿ. ನೀವು ಬ್ಯಾರೆ ಕಡೆ ತಗೊಳ್ರಿ. ಡಬ್ಬಿ ಹಾಕಿ, ಹಾಕಿಲ್ಲ ಅಂತ ಸುಳ್ಳ ಮಾತ್ರ ಹೇಳೂದಿಲ್ಲ.”

ಚಂದ್ರವ್ವ ಎದ್ದು ನಿಂತರು. “ಬ್ಯಾರೆ ಕಡೆ ಒಮ್ಮಿ ಹೋದ ಮ್ಯಾಲ ಮತ್ತ ನಿನ್ನ ಕಡೆ ಬರತೀನಿ ಅಂತ ತಿಳಕೋಬ್ಯಾಡ,” ಎಂದು ಹೇಳಿ ಚಹಾ ತರಲು ಒಳಗೆ ಹೋದರು.

ರಾಜಬೀ ಅವರ ಮನೆ ಮಲಪ್ರಭೆಯ ದಂಡೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅವರು ಹುಟ್ಟಿದ್ದು ಲೋಂಡಾದಲ್ಲಿ. ತಂದೆ ರೈಲ್ವೆ ಹಳಿ ಕಾಯುವ ಗ್ಯಾಂಗಿನಲ್ಲಿದ್ದರು. ಹದಿನೇಳನೆಯ ವರ್ಷಕ್ಕೆ ಮದಾರಸಾಬರ ಕೈ ಹಿಡಿದು ಖಾನಾಪುರಕ್ಕೆ ಬಂದಾಗ ಆ ಮನೆಯಲ್ಲಿ ಅಟ್ಟದ ತುಂಬ ಸಾಗವಾನಿ ಅಚ್ಚುಗಳಿದ್ದವು. ಅತ್ತೆ ಮೂರು ವರ್ಷ ಸೊಸೆಗೆ ಪಾಕ ಮುಟ್ಟಗೊಡಲಿಲ್ಲ. ಅಚ್ಚು ತೊಳೆ, ನೆನೆಹಾಕು, ಜೋಡಿಸಿ ಕಟ್ಟು, ಬಿಚ್ಚು, ಇಷ್ಟೇ. ನಾಲ್ಕನೆಯ ವರ್ಷ ಒಂದು ಮುಂಜಾನೆ ಸೌಟನ್ನು ಸೊಸೆಯ ಕೈಗಿಟ್ಟು ಅತ್ತೆ ಹಿತ್ತಲಿಗೆ ಹೋಗಿ ಕೂತುಬಿಟ್ಟರು. ಅಂದು ಹೊಯ್ದ ಒಂಟೆಗೆ ಒಂದು ಕಿವಿ ಇರಲಿಲ್ಲ.

ಮನೆಮಾತು ದಖನಿಯಾದರೂ ಪಾಕದ ಮುಂದೆ ಗಂಡ ಹೆಂಡತಿ ಕನ್ನಡವನ್ನೇ ಆಡುತ್ತಿದ್ದರು. ಅತ್ತೆ ಈ ಕೆಲಸವನ್ನು ಪಕ್ಕದ ಲಿಂಗವಂತರ ಮನೆಯ ಹೆಂಗಸಿನಿಂದ ಕಲಿತಿದ್ದರು, ಹಾಗಾಗಿ ಕೆಲಸದ ಜೊತೆಗೆ ಅದರ ಮಾತುಗಳೂ ಬಂದಿದ್ದವು. ಯುಗಾದಿ ಪಾಡವ್ಯಕ್ಕೆ ಮರಾಠಿ ಮನೆಗಳ ಮುಂದೆ ನಿಲ್ಲಿಸುವ ಗುಡಿಯ ಕೋಲಿಗೆ ಕಟ್ಟುವ ಸಕ್ಕರೆ ಸರ, ಉರುಸಿಗೆ ಬತ್ತಾಸು, ಹುಣ್ಣಿಮೆಗೆ ಆರತಿ. ಒಂದೇ ಒಲೆಯ ಮೇಲೆ ವರ್ಷ ತಿರುಗುತ್ತಿತ್ತು.

ಹಳದಿಯ ಚಿಂತೆ ಇರಲಿಲ್ಲ. ಅರಿಶಿನ ಬಿಸಿಗೆ ಬೆದರುವುದಿಲ್ಲ. ಒಂದು ಚಿಟಿಕೆಗೆ ಗೋಪುರವೊಂದು ಬಿಸಿಲು ಬಿದ್ದಂತೆ ಎದ್ದುಬಂತು. ಕಷ್ಟವಿದ್ದದ್ದು ಗುಲಾಬಿಯದು. ಅದಕ್ಕೂ ರಾಜಬೀ ಮನಸ್ಸಿನಲ್ಲಿ ಮೊದಲೇ ಉತ್ತರವಿತ್ತು. ಲೋಂಡಾದ ಕಾಡಿನ ಅಂಚಿನಲ್ಲಿ ಬೆಳೆದವರಿಗೆ ಕೆಂಪು ಎಂದರೆ ಮುರುಗಲ ಹಣ್ಣು, ಅದನ್ನು ಒಣಗಿಸಿದ ಆಮಸೂಲ. ಬೇಸಗೆಯಲ್ಲಿ ತಾಯಿ ಮಾಡಿಕೊಡುತ್ತಿದ್ದ ಶರಬತ್ತು ಗಾಜಿನ ಲೋಟದಲ್ಲಿ ಹೇಗೆ ಹೊಳೆಯುತ್ತಿತ್ತೆಂದು ಅವರಿಗೆ ಇನ್ನೂ ನೆನಪಿತ್ತು.

ಆಮಸೂಲ ನೆನೆಸಿ, ಹಿಂಡಿ, ಮೂರು ಸಲ ಬಟ್ಟೆಯಲ್ಲಿ ಸೋಸಿದರು. ಸಕ್ಕರೆ ಕುದಿಸಿ, ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಪಾಕ ಹದಕ್ಕೆ ಬರುವಾಗ ಆ ನೀರನ್ನು ಸುರಿದರು. ಬಣ್ಣ ನೋಡಿ ಮದಾರಸಾಬರು ಕೂಡ ತಲೆದೂಗಿದರು. ಅಚ್ಚಿಗೆ ಹೊಯ್ದು, ಕಾದು, ಬಿಚ್ಚಿದಾಗ ಆನೆ ಅಚ್ಚಿನಿಂದ ಮೆಲ್ಲಗೆ ಜಾರಿ ತಟ್ಟೆಯ ಮೇಲೆ ಮಲಗಿತು.

“ನಿನ್ನ ಆನಿಗೆ ನಿದ್ದಿ ಬಂದೈತಿ,” ಎಂದರು ಮದಾರಸಾಬರು. ಸೈಕಲ್ ಅಂಗಡಿ ಮುಚ್ಚಿದ ಮೇಲೆ ಅವರು ಹಳೆಯ ಟ್ಯೂಬು ಕತ್ತರಿಸಿ ಅಚ್ಚು ಕಟ್ಟುವ ಪಟ್ಟಿ ಮಾಡುತ್ತ ಹೆಂಡತಿಯ ಪಕ್ಕದಲ್ಲೇ ಕೂತಿರುತ್ತಿದ್ದರು.

“ಪಾಕ ಹದಕ್ಕ ಬಂದಿಲ್ಲ, ಅಷ್ಟ.”

ಎರಡನೆಯ ದಿನ ಇನ್ನಷ್ಟು ಕುದಿಸಿದರು. ಆನೆ ಮೇಣದಂತೆ ಮೆತ್ತಗಾಯಿತು. ಮೂರನೆಯ ದಿನ ಮತ್ತೂ ಕುದಿಸಿದರು. ಅದು ಬೆರಳಿಗೆ ಅಂಟಿತು, ಸೌಟಿಗೆ ಅಂಟಿತು, ಅಚ್ಚಿನ ಕಿವಿಯೊಳಗೆ ಕೂತು ಹೊರಗೆ ಬರಲಿಲ್ಲ. ರಾಜಬೀ ಸೂಜಿಯಿಂದ ಅಚ್ಚು ಕೆರೆಯುತ್ತ ಕೂತರು.

“ಅಮ್ಮಾ ಇದ್ದಿದ್ರ ಮೊದಲ್ನೇ ದಿನಾನ ಸೌಟು ಬೆನ್ನಿಗೆ ಬೀಳತಿತ್ತು,” ಎಂದರು ಮದಾರಸಾಬರು.

“ಯಾಕ?”

“ಹುಳಿ.”

ರಾಜಬೀ ಕೈ ನಿಂತಿತು. ಆರತಿ ಹೊಯ್ಯುವ ದಿನಗಳಲ್ಲಿ ಆ ಮನೆಯಲ್ಲಿ ಹುಣಸೆ ನೆನೆಹಾಕುತ್ತಿರಲಿಲ್ಲ. ನಿಂಬೆಹಣ್ಣು ಕೊಯ್ದ ಕೈಯಲ್ಲಿ ಪಾಕದ ಹತ್ತಿರ ಬಂದವರನ್ನು ರಾಜಬೀ ತಾವೇ ಎಷ್ಟೋ ಸಲ ಬೈದು ಓಡಿಸಿದ್ದರು. ಒಂದು ಹನಿ ಹುಳಿ ಬಿದ್ದರೂ ಸಕ್ಕರೆ ಹರಳುಗಟ್ಟುವುದಿಲ್ಲ ಎಂಬುದು ಈ ಕೆಲಸದ ಮೊದಲ ಪಾಠ. ಆದರೂ ಮೂರು ದಿನ ಅವರು ತಮ್ಮ ಕೈಯಾರೆ ಹುಳಿ ಸುರಿದಿದ್ದರು. ಆಮಸೂಲ ಅವರಿಗೆ ಹುಳಿಯಾಗಿ ಕಂಡಿರಲೇ ಇಲ್ಲ, ಬರೀ ಬಣ್ಣವಾಗಿ ಕಂಡಿತ್ತು.

“ಮೊದಲ ಹೇಳಾಕ ಏನಾಗಿತ್ತು ನಿಮಗ?”

“ನೀ ಅಷ್ಟ ಖುಷೀಲೆ ಹೊಯ್ಯಾಕತ್ತಿದ್ದಿ. ನನಗೂ ಈಗ ಹೊಳೀತು.”

ನಾಲ್ಕನೆಯ ದಿನ ಸಂತೆಯಿಂದ ಬೀಟ್‌ರೂಟ್ ಬಂತು. ಅದರಲ್ಲಿ ಹುಳಿಯಿಲ್ಲ. ರಸ ಕುದಿಯುವ ಪಾಕಕ್ಕೆ ಬಿದ್ದೊಡನೆ ಒಂದು ಗಳಿಗೆ ನೆತ್ತರಿನಂತೆ ಕೆಂಪಾಗಿ, ಮರುಗಳಿಗೆ ಚಹಾದ ಬಣ್ಣಕ್ಕೆ ತಿರುಗಿತು. ಒಲೆಯಿಂದ ಇಳಿಸಿದ ಮೇಲೆ ಹಾಕಿದರೆ ಬಣ್ಣ ಉಳಿಯಿತು, ಆದರೆ ರಸದ ನೀರಿಗೆ ಪಾಕ ತೆಳುವಾಗಿ ಹದ ಕೆಟ್ಟಿತು. ರಾಜಬೀ ಅಂದು ಸಂಜೆ ಆರಿದ ಒಲೆಯ ಮುಂದೆಯೇ ಕೂತರು. ಲೆಕ್ಕ ಹಾಕುತ್ತಿದ್ದರು. ಬಿಸಿ ಹೆಚ್ಚಾದರೆ ಬಣ್ಣ ಸಾಯುತ್ತದೆ, ನೀರು ಹೆಚ್ಚಾದರೆ ಪಾಕ ಸಾಯುತ್ತದೆ. ಬಿಸಿ ಒಂದು ಗಳಿಗೆ ಮಾತ್ರ ತಾಗುವ, ನೀರು ಮೊದಲೇ ಇರುವ ಜಾಗ ಯಾವುದು?

ಐದನೆಯ ಮುಂಜಾನೆ ಬಕೆಟ್ಟಿನಿಂದ ಅಚ್ಚು ತೆಗೆಯುವಾಗ ಆ ಜಾಗ ಕೈಯಲ್ಲೇ ಇತ್ತು. ಅಚ್ಚುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಯಲು ಬಿಡುತ್ತಾರೆ. ಕಟ್ಟಿಗೆ ನೀರು ಕುಡಿದಿರದಿದ್ದರೆ ಸಕ್ಕರೆ ಅದಕ್ಕೆ ಅಂಟಿಬಿಡುತ್ತದೆ. ಹೇಗೂ ಕುಡಿಯುವ ಅಚ್ಚು ನೀರನ್ನೇ ಯಾಕೆ ಕುಡಿಯಬೇಕು?

ಅವರು ಬೀಟ್‌ರೂಟ್ ರಸವನ್ನು ಬೋಗುಣಿಯಲ್ಲಿ ತುಂಬಿ ನವಿಲಿನ ಅಚ್ಚನ್ನು ಅದರ ಮೇಲೆ ಹಿಡಿದಾಗ ಮದಾರಸಾಬರು ಪಟ್ಟಿ ಕತ್ತರಿಸುವುದನ್ನು ಬಿಟ್ಟು ಎದ್ದು ಬಂದರು.

“ಅದು ಅಮ್ಮಾನ ಅಚ್ಚು.”

“ಗೊತ್ತೈತಿ.”

“ಒಮ್ಮಿ ಕೆಂಪಾತಂದ್ರ ಆತು. ಮತ್ತ ಅದರಾಗ ಬಿಳೇದು ಹೊಯ್ಯಾಕ ಬರೂದಿಲ್ಲ.”

“ಕೆಂಪಾಗಲಿ. ಗುಲಾಬೀದಕ್ಕ ಬ್ಯಾರೆ ಅಚ್ಚು ಅಂತ ಇಟ್ಟರಾತು. ಅಟ್ಟದ ಮ್ಯಾಲ ನೂರಾ ಹತ್ತದಾವ.”

“ಕೆಟ್ಟರ?”

“ಕೆಟ್ಟರ ನೂರಾ ಒಂಬತ್ತು,” ಎಂದು ರಾಜಬೀ ಅಚ್ಚನ್ನು ಮುಳುಗಿಸಿದರು.

ಎರಡು ತಾಸು ಬಿಟ್ಟು ಬಿಳಿಯ ಪಾಕವನ್ನೇ ಹೊಯ್ದರು. ಪಟ್ಟಿ ಬಿಚ್ಚಿ ಅಚ್ಚಿನ ಎರಡು ಹೋಳು ಸರಿಸಿದಾಗ ನವಿಲು ನೆಟ್ಟಗೆ ನಿಂತಿತ್ತು. ಡಬ್ಬಿಯ ಗುಲಾಬಿಯಂತೆ ಎಲ್ಲೆಡೆ ಒಂದೇ ಆಗಿರಲಿಲ್ಲ. ಮೈಮೇಲೆ ತೆಳುವಾಗಿ, ಗರಿಯ ಗೆರೆಗಳಲ್ಲಿ ದಟ್ಟವಾಗಿ, ಕತ್ತಿನ ಹತ್ತಿರ ಬರೀ ನೆರಳಿನಂತೆ ಬಣ್ಣ ಕೂತಿತ್ತು. ಯಾವ ಬಡಿಗನೋ ನೂರು ವರ್ಷದ ಹಿಂದೆ ಕೊರೆದ ಸಣ್ಣ ಸಣ್ಣ ಗೆರೆಗಳು ರಾಜಬೀಗೆ ಮೊದಲ ಸಲ ಲೆಕ್ಕಕ್ಕೆ ಸಿಕ್ಕವು. ನವಿಲಿನ ಕಾಲಿಗೆ ಗೆಜ್ಜೆಯಿತ್ತು. ಇಷ್ಟು ವರ್ಷ ಅದನ್ನು ಅವರು ನೋಡಿರಲೇ ಇಲ್ಲ.

ಮದಾರಸಾಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅಮ್ಮಾ ಇದ್ದಿದ್ರ ಈಗ ಹಿತ್ತಲಕ್ಕ ಹೋಗಿ ಕುಂದರತಿದ್ಳು,” ಎಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ರಾಜಬೀ ಮತ್ತೊಂದು ನವಿಲು ಹೊಯ್ದರು. ಒಂದನ್ನು ಮುಚ್ಚಳದ ಡಬ್ಬದಲ್ಲಿಟ್ಟರು, ಒಂದನ್ನು ಕಿಟಕಿಯ ಬಿಸಿಲಿಗೆ ಇಟ್ಟರು.

ಎಂಟನೆಯ ದಿನ ಸತ್ಯಪ್ಪನವರ ಮೇಜಿನ ಮೇಲೆ ಎರಡೂ ನವಿಲು ನಿಂತವು. ಒಂದು ಗುಲಾಬಿ. ಇನ್ನೊಂದು ಒಣಗಿದ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ.

“ಇದು ಚೆಂದ ಐತಿ. ಆ ಇನ್ನೊಂದು ಏನು ಚಾಚಿ?” ಎಂದರು ಸತ್ಯಪ್ಪ.

“ಎರಡೂ ಒಂದ ದಿನ ಹೊಯ್ದದ್ದು. ಅದನ್ನ ಮೂರು ದಿನ ಬಿಸಲಾಗ ಇಟ್ಟಿದ್ದೆ.”

“ಚೆಂದಂದು ಒಂದ ತಂದಿದ್ರ ನೀವು ಗೆದ್ದಂಗ ಆಗತಿತ್ತಲ್ರಿ. ಇದನ್ಯಾಕ ತಂದ್ರಿ?”

“ಆಗತೈತಿ ಅಂತ ಹೇಳೂದಾದ್ರ ಎಷ್ಟರ ಮಟ್ಟಿಗೆ ಆಗತೈತಿ ಅಂತಾನೂ ಹೇಳಬೇಕಲ್ರಿ.”

ಸತ್ಯಪ್ಪ ಮಾತಿಗೆ ತಪ್ಪಲಿಲ್ಲ. ಎಲ್ಲರ ಮುಂದೆ ಮೂರನೆಯ ಸಾಲನ್ನು ಹೊಡೆದು ಹಾಕಿದರು. ಅದರ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಾಗ ರಾಜಬೀ ಹೇಳಿದ್ದನ್ನೇ ಬರೆದರು: ಮಾಡಲು ಸಾಧ್ಯವಿದೆ; ಹೊಸ ಬಣ್ಣಕ್ಕೆ ಕೈ ಹೊಂದಿಸಿಕೊಳ್ಳಲು ನಮಗೆ ಎರಡು ಹಂಗಾಮು ಬೇಕು. ಅದರ ಕೆಳಗೆ ರಾಜಬೀ ಸಹಿ ಮಾಡಿದರು. ಹನ್ನೊಂದು ಜನ ಸಹಿ ಮಾಡಿದರು. ಉಳಿದವರು ಹಳೆಯ ಅರ್ಜಿಯನ್ನೇ ಬೇರೆ ಬರೆಸಿಕೊಳ್ಳುತ್ತೇವೆಂದು ಎದ್ದು ಹೋದರು.

“ಆದ್ರ ಚಾಚಿ, ನಾ ದೀಪಾವಳಿಗಿಂತ ಮೊದಲ ಮಾಲು ತುಂಬಿಡಾಂವ. ಬೆಳಕ ಬಿದ್ರ ಮೂರ ದಿನಕ್ಕ ಬಣ್ಣಾ ಬಿಡೂದನ್ನ ಹೆಂಗ ತುಂಬಿಡ್ಲಿ? ಕಾಯ್ದೆ ಇನ್ನೂ ಬಂದಿಲ್ಲ. ಈ ವರ್ಷ ನನಗ ಡಬ್ಬೀದ ಕೊಡ್ರಿ.”

“ಡಬ್ಬೀದು ನನ್ನ ಮನ್ಯಾಗ ಮುಗೀತ್ರಿ. ಬಿಳೇದು ಒಯ್ರಿ. ಗುಲಾಬೀದು ಬೇಕಂದ್ರ ಹುಣ್ಣಿಮಿ ಹಿಂದಿನ ದಿನ ಖಾನಾಪುರಕ್ಕ ಬರ್ರಿ.”

ಸತ್ಯಪ್ಪ ತಲೆ ಕೆರೆದುಕೊಂಡರು. ಆ ವರ್ಷ ಅವರು ಬಿಳಿಯದನ್ನಷ್ಟೇ ಒಯ್ದರು.

ಇನ್ನು ಉಳಿದದ್ದು ಚಂದ್ರವ್ವನವರ ಮನೆ. ಹುಣ್ಣಿಮೆಯ ದಿನ ಮುಂಜಾನೆ ಐದು ಆರತಿಗಳನ್ನು ಹತ್ತಿಯಲ್ಲಿಟ್ಟು, ಬಿಳಿ ಬಟ್ಟೆ ಸುತ್ತಿ, ತೊಡೆಯ ಮೇಲೆ ಡಬ್ಬವಿಟ್ಟುಕೊಂಡು ರಾಜಬೀ ಬಸ್ಸಿನಲ್ಲಿ ಬಂದರು. ಚಂದ್ರವ್ವ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದರು. ಹಳದಿ ಗೋಪುರ ಎರಡು, ಗುಲಾಬಿಯ ಆನೆ, ನವಿಲು, ಒಂಟೆ.

“ಎದರಿಂದ ಮಾಡೀದಿ ಇದನ್ನ?”

“ಬೀಟ್‌ರೂಟ್ರಿ.”

“ಪಲ್ಲೆ ಮಾಡೂದು ಬಿಟ್ಟು ಆರತಿ ಮಾಡೀಯೇನ?” ಎಂದರು ಚಂದ್ರವ್ವ. ನಗಲಿಲ್ಲ. “ಹಿಂಗ ಒಂದ ಕಡೆ ತೆಳ್ಳಗ, ಒಂದ ಕಡೆ ದಟ್ಟಗ ಇದ್ರ ಬೀಗರು ಹಳೇ ಮಾಲು ಕಳಿಸ್ಯಾರ ಅಂತಾರ. ನಾ ಏನಂತ ಹೇಳ್ಲಿ? ನೀನ ಬಾ ನಮ್ಮ ಜೋಡಿ. ನೀನ ಹೇಳು.”

ಕಾಕತಿಯ ಮನೆಯ ನಡುಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಸೀರೆ, ಹೂವು, ಕುಬಸದ ಖಣದ ಪಕ್ಕದಲ್ಲಿ ಆರತಿಯ ಡಬ್ಬ ಬಿಚ್ಚಿದಾಗ ಎಲ್ಲರೂ ಬಗ್ಗಿ ನೋಡಿದರು. ಹುಡುಗಿಯ ಅಜ್ಜಿ ಸಾವಂತ್ರವ್ವ ಆನೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು.

“ಯಾಕ ಬೀಗತಿ, ಬೆಳಗಾವ್ಯಾಗ ಡಬ್ಬಿ ಬಣ್ಣಾ ಸಿಗಲಿಲ್ಲೇನ?”

ಚಂದ್ರವ್ವ ರಾಜಬೀ ಕಡೆ ನೋಡಿದರು. ರಾಜಬೀ ಬಾಗಿಲ ಹತ್ತಿರ ಚಾಪೆಯ ತುದಿಯಲ್ಲಿ ಕೂತಿದ್ದರು. ಕೂತಲ್ಲಿಂದಲೇ ಹೇಳಿದರು.

“ಸಿಗತೈತ್ರಿ. ನಾನ ಬಿಟ್ಟೀನಿ.”

“ಯಾಕವಾ?”

“ನಮ್ಮ ಮನ್ಯಾಗ ಮುಕ್ಕಾದ ಆರತಿ ಮಕ್ಕಳಿಗೆ ತಿನ್ನಾಕ ಕೊಡತಿದ್ವಿ. ಬಿಳೇದು ಅಷ್ಟ. ಬಣ್ಣದ್ದು ಮುಕ್ಕಾದ್ರ ನಮ್ಮತ್ತಿ ಹೊಳಿಗೆ ಚೆಲ್ಲತಿದ್ರು. ನಾನೂ ಚೆಲ್ಲತಿದ್ದೆ. ನನ್ನ ಮಕ್ಕಳಿಗೆ ಕೊಡದ್ದನ್ನ ನಿಮ್ಮ ಮಕ್ಕಳಿಗೆ ನಲವತ್ತು ವರ್ಷ ಮಾರೀನ್ರಿ. ಇದರಾಗ ಮುಕ್ಕಾದದ್ದನ್ನ ಈ ಸಲ ನನ್ನ ಮೊಮ್ಮಗಳು ಮಹೇಕ ತಿಂದಾಳ.”

ಚಂದ್ರವ್ವ ಸೆರಗು ಸರಿಪಡಿಸಿಕೊಂಡರು. ಮೂರು ತಲೆಮಾರಿನಲ್ಲಿ ಇದನ್ನು ಅವರೂ ಕೇಳಿರಲಿಲ್ಲ. ಸಾವಂತ್ರವ್ವ ಆನೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಸೊಂಡಿಲ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಮಾರಾವರು ಹಿಂಗ ಮಂದ್ಯಾಗ ಹೇಳಿದ್ದು ನಾ ಎಲ್ಲೂ ಕೇಳಿಲ್ಲ,” ಎಂದರು ಕೊನೆಗೆ. ಆಮೇಲೆ ಒಳಗೆ ಮುಖ ಮಾಡಿ, “ಸಮೃದ್ಧಿ, ಬೆಳ್ಳಿ ತಟ್ಟಿ ತಗೊಂಡು ಬಾ. ಆನಿ ನಡುವ ಇಡು,” ಎಂದು ಕೂಗಿದರು.

ಚಂದ್ರವ್ವನವರ ಭುಜ ಆಗ ಸಡಿಲವಾದದ್ದು ರಾಜಬೀಗೆ ಕಂಡಿತು. ಸಮೃದ್ಧಿ ತಟ್ಟೆ ತಂದು, ಆರತಿಗಳನ್ನು ಹೊಂದಿಸಿಡುತ್ತ, ಮೆಲ್ಲಗೆ ಕೇಳಿದಳು. “ಇವನ್ನ ಮದಿವಿ ತನಕ ಶೋಕೇಸಿನ್ಯಾಗ ಇಡಬೇಕಂತ ಮಾಡೀನ್ರಿ. ಇರತಾವಲ್ಲ?”

“ಇರೂದಿಲ್ಲವಾ. ಬಣ್ಣಾ ಹೋಗತೈತಿ. ನಾಳೆ ಮುಂಜಾನೆ ಒಡದು ಎಲ್ಲಾರೂ ತಿಂದ್ಬಿಡ್ರಿ.”

“ಹಂಗಾರ ಸೊಂಡಿ ನನಗ,” ಎಂದಳು ಸಮೃದ್ಧಿ. ಹೆಂಗಸರೆಲ್ಲ ನಕ್ಕರು.

ಹೊರಡುವಾಗ ಸಾವಂತ್ರವ್ವ ಕಟ್ಟೆಯವರೆಗೆ ಬಂದರು. ಅವರ ಕಣ್ಣಿನಲ್ಲಿ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ.

“ಸಂಕ್ರಮಣಕ್ಕ ಇವರು ಸಕ್ಕರಿ ಹಚ್ಚಿದ ಕುಸರೆಳ್ಳಿನ ದಾಗೀನಾ ಕಳಸಬೇಕಲ್ಲ. ಐದು ಬಣ್ಣದ್ದು. ಅದಕ್ಕ ಏನ ಮಾಡ್ತಿ?”

“ಗುಲಾಬಿ, ಹಳದಿ ಆದ್ವು. ಹಸರಿಗೆ ಪಾಲಕ ನೋಡಬೇಕು,” ಎಂದು ರಾಜಬೀ ಚಪ್ಪಲಿ ಮೆಟ್ಟುತ್ತ ಹೇಳಿದರು. “ಉಳದ ಎರಡಕ್ಕ ಎರಡು ತಿಂಗಳು ಐತಿ ಬಿಡ್ರಿ.”